ಸಂಪಿಗೆಯ ಅಟ್ಟದಲ್ಲಿ ಕಾಯಿ ಮಾತಾಡಿದ್ದು

ಮನೆಯಳಿಯನಾದವನು ಏನು ಬೇಕಾದರೂ ಕಲಿತಾನು, ‘ನಂಗೊತ್ತಿಲ್ಲ’ ಅನ್ನುವ ಮಾತೊಂದನ್ನು ಬಿಟ್ಟು. ನಮ್ಮ ಪಕ್ಕದ ಮನೆಯ ಗಂಗಾಧರ ತೋಂಟದಾರ್ಯಪ್ಪನವರ ಮನೆಗೆ ಅಳಿಯನಾಗಿ ಬಂದು ಇಪ್ಪತ್ತಮೂರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರು ನಮ್ಮೂರಲ್ಲಿ ಒಬ್ಬರೂ ಇಲ್ಲ. ಬೋರಿನ ಸ್ಟಾರ್ಟರ್ ನಿಂತರೆ ಗಂಗಾಧರನೇ ಹೋಗಬೇಕು. ಹೋಗಿ ಅದಕ್ಕೊಂದು ಗುದ್ದು ಕೊಡುತ್ತಾನೆ. ಕೆಲವು ಸಲ ಓಡುತ್ತದೆ. ಓಡದಿದ್ದರೆ “ಈ ಕಂಪನೀದೇ ಸರಿ ಇಲ್ಲ ಕಣ್ರೀ” ಎಂದು ಕೈ ಒರೆಸಿಕೊಂಡು ಬರುತ್ತಾನೆ. ಊರಿನ ಕೆಟ್ಟ ಮೊಬೈಲುಗಳೆಲ್ಲ ಮೊದಲು ಅವನ ಕೈಗೆ ಬಂದು, ಇನ್ನಷ್ಟು ಕೆಟ್ಟು, ಆಮೇಲೆ ತುರುವೇಕೆರೆಯ ರಿಪೇರಿ ಅಂಗಡಿಗೆ ಹೋಗುವುದು ವಾಡಿಕೆ.

ಅವನ ಮಾವ ತೋಂಟದಾರ್ಯಪ್ಪನವರ ಹೆಸರು ಬೇರೆ ಥರದ್ದು. ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿನವರೆಗೆ ಅವರ ಕಿವಿ ಪ್ರಸಿದ್ಧ. ನಮ್ಮ ಕಡೆ ಕಾಯಿ ಕಿತ್ತು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ, ವರ್ಷದ ಹೊತ್ತಿಗೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಎಲ್ಲರೂ ಅಲ್ಲಾಡಿಸಿ ನೋಡುವವರೇ. ಆದರೆ ತೋಂಟದಾರ್ಯಪ್ಪನವರು ಅಲ್ಲಾಡಿಸಿದರೆ ಕೊಬ್ಬರಿಯ ಸಮಾಚಾರದ ಜೊತೆಗೆ ಮನೆಯ ಸಮಾಚಾರವೂ ಹೊರಬೀಳುತ್ತಿತ್ತು. “ಈ ಮನೆ ಯಜಮಾನ ಅವಸರದೋನು, ಬಲಿಯೋಕೆ ಮುಂಚೆ ಕಿತ್ತವ್ನೆ” ಅನ್ನುವರು. “ಈ ಮನೇಲಿ ಅಣ್ಣತಮ್ಮಂದ್ರು ಮಾತಾಡಲ್ಲ, ಅಟ್ಟದಾಗೆ ಹೊಗೆ ಆಡಿಲ್ಲ” ಅನ್ನುವರು. ಹೊಗೆಗೂ ಅಣ್ಣತಮ್ಮಂದಿರಿಗೂ ಏನು ಸಂಬಂಧವೆಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಮಾತು ಸಾಮಾನ್ಯವಾಗಿ ನಿಜವಾಗಿರುತ್ತಿತ್ತು. ಹಾಗಾಗಿ ಹೆಣ್ಣು ಕೊಡುವ ಮುಂಚೆ ಅವರನ್ನು ಗಂಡಿನ ಮನೆಗೆ ಕರೆದೊಯ್ದು, ಅಟ್ಟ ಹತ್ತಿಸಿ, ಒಂದು ಕಾಯಿ ಅಲ್ಲಾಡಿಸುವುದು ಅವರ ನಂಟರಲ್ಲಿ ಪದ್ಧತಿಯೇ ಆಗಿಹೋಗಿತ್ತು. “ಗಟ್ಟಿ ಮನೆ” ಅಂದರೆ ಲಗ್ನ. ತಲೆ ಅಲ್ಲಾಡಿಸಿದರೆ ವ್ಯಾನು ವಾಪಸ್ಸು. ಆ ವ್ಯಾನು ನನ್ನದೇ ಆದ್ದರಿಂದ ಎರಡೂ ಬಗೆಯನ್ನು ನಾನು ಸಾಕಷ್ಟು ನೋಡಿದ್ದೇನೆ.

ಈಗ ಎರಡು ವರ್ಷದಿಂದ ಆ ಕಿವಿ ಕೇಳಿಸುತ್ತಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರು ಏನು ಕೇಳಿದರೂ “ನೋಡಾನ ಬುಡು” ಅನ್ನುತ್ತಿದ್ದರು. ನೂರಕ್ಕೆ ತೊಂಬತ್ತು ಪ್ರಶ್ನೆಗೆ ಈ ಉತ್ತರ ಸರಿಹೋಗುತ್ತದೆ. “ಊಟ ಆಯ್ತಾ ಯಜಮಾನ್ರೆ” ಎಂದು ಕೇಳಿದಾಗ ಮಾತ್ರ ಸ್ವಲ್ಪ ಎಡವಟ್ಟಾಗುತ್ತಿತ್ತು.

ಹೀಗಿರುವಾಗ ಗಂಗಾಧರನ ಮಗಳು ನಯನಳಿಗೆ ಸಂಪಿಗೆ ಎಂಬ ಊರಿನಿಂದ ಸಂಬಂಧ ಬಂತು. ಹುಡುಗ ಯತೀಶ, ಶಿವಣ್ಣನವರ ಮಗ, ಪಶು ಆಸ್ಪತ್ರೆಯಲ್ಲಿ ಕೆಲಸ. ಗಂಗಾಧರನ ಮನೆಯ ಹಸುವನ್ನು ನೋಡಲು ಈತ ಮೂರು ಸಲ ನಮ್ಮೂರಿಗೆ ಬಂದಿದ್ದ. ಮೊದಲನೆಯ ಸಲ ಹಸುವಿಗೆ ಜ್ವರವಿತ್ತು. ಉಳಿದ ಎರಡು ಸಲ ಹಸು ಚೆನ್ನಾಗಿಯೇ ಇತ್ತು. ನಯನಳ ಮನಸ್ಸೂ ಅತ್ತಲೇ ವಾಲಿದೆ ಎಂಬುದು ಅವಳ ತಾಯಿ ಮೀನಾಗೆ ಗೊತ್ತಿತ್ತು, ಹಸುವಿಗೂ ಗೊತ್ತಿದ್ದಿರಬೇಕು. ಆದರೆ ತಾತ ಸಂಪಿಗೆಯ ಅಟ್ಟ ಹತ್ತಿ ಇಳಿದು ತಲೆ ಅಲ್ಲಾಡಿಸಿದರೆ ಎಲ್ಲವೂ ಅಲ್ಲಿಗೇ ಮುಗಿಯಿತು. ಆ ಮನೆಯಲ್ಲಿ ತಾತನ ಮಾತನ್ನು ಮೀರಿದವರಿಲ್ಲ.

ತಾತನಿಗೂ ಭಯ ಹುಟ್ಟಿತು. ನಂಟರ ಮಕ್ಕಳ ವಿಷಯದಲ್ಲಿ ಎರಡು ವರ್ಷದಿಂದ ಹೇಗೋ ಅಂದಾಜಿನಲ್ಲಿ “ಗಟ್ಟಿ ಮನೆ” ಅನ್ನುತ್ತ ಬಂದಿದ್ದರು. ಮೊಮ್ಮಗಳ ವಿಷಯದಲ್ಲಿ ಹಾಗೆ ಅನ್ನಲು ಬಾಯಿ ಬರಲಿಲ್ಲ. ಅಳಿಯನನ್ನು ಕೊಟ್ಟಿಗೆಗೆ ಕರೆದರು.

“ಗಂಗಾಧರ, ಈ ನಡುವೆ ಕಿವಿ ವಸಿ ಮಂದ ಆಗೈತೆ. ಅದೇನೋ ಮಷೀನು ಬತ್ತದಂತಲ್ಲಪ್ಪ. ಯಾರ್ಗೂ ತಿಳೀಬಾರ್ದು.”

“ಅದೇನ್ ಮಹಾ ಮಾವ. ನಂಗೆ ಬುಡಿ” ಎಂದ ಗಂಗಾಧರ.

ನಾಲ್ಕು ದಿನಕ್ಕೆ ಪಾರ್ಸೆಲ್ ಬಂತು. ಅಂಗೈಯಗಲದ ಡಬ್ಬಿ. ಮೇಲೆ ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ನಗುತ್ತಿರುವ ಒಬ್ಬನ ಚಿತ್ರ. ಒಳಗೆ ಹುಣಸೆಬೀಜದಷ್ಟು ದಪ್ಪದ ಒಂದು ತುಂಡು, ಮತ್ತೆ ಕಿವಿಗಿಡುವ ಒಂದು ಗುಂಡು. ಗಂಗಾಧರ ಮಧ್ಯಾಹ್ನವೆಲ್ಲ ಅದನ್ನು ತನ್ನ ಕಿವಿಗೆ ಇಟ್ಟುಕೊಂಡು ಮನೆ ಸುತ್ತಿದ. ಕೇಳಿಸುತ್ತಿದ್ದದ್ದೂ ಕೇಳಿಸದಂತಾಯಿತು. ಕೊನೆಗೆ ನನ್ನ ಹತ್ತಿರ ಬಂದ. ಡಬ್ಬಿಯ ಮೇಲಿದ್ದ ಇಂಗ್ಲಿಷನ್ನು ನಾನು ಕೂಡಿಸಿ ಕೂಡಿಸಿ ಓದಿದೆ.

“ಇದು ಕಿವಿ ಮಷೀನಲ್ಲ ಕಣ್ಲಾ. ಈ ತುಂಡನ್ನ ಮೊಬೈಲಿಗೆ, ಚಾರ್ಜರ್ ಚುಚ್ಚೋ ಜಾಗಕ್ಕೆ ಚುಚ್ಚಬೇಕು. ಮೊಬೈಲಿನ ಸೌಂಡು ವೈರಿಲ್ದಲೆ ಕಿವೀಗೆ ಹೋಗ್ತೈತೆ. ಆಮೇಲೆ ಮೊಬೈಲಲ್ಲಿ ಏನೂ ಕೇಳ್ಸಲ್ಲ, ಕಿವೀಲಿ ಇಟ್ಕೊಂಡೋನ್ಗೆ ಮಾತ್ರ ಕೇಳ್ಸೋದು. ಹೊರಗಡೆ ಸದ್ದಿಗೂ ಇದಕ್ಕೂ ಸಂಬಂಧ ಇಲ್ಲ.”

ಗಂಗಾಧರ ಡಬ್ಬಿಯನ್ನು ತಿರುಗಿಸಿ ಮೇಲಿನ ಚಿತ್ರವನ್ನೊಮ್ಮೆ ನೋಡಿದ. ಆಮೇಲೆ “ನಂಗೊತ್ತು. ಗೊತ್ತಿದ್ದೇ ತರ್ಸಿದ್ದು” ಎಂದ.

ಮಾರನೆಯ ದಿನ ಮಾವನ ಕಿವಿಗೆ ಗುಂಡು ಇಟ್ಟು, ತಲೆಗೆ ಸುತ್ತಿದ ಟವಲನ್ನು ಅದರ ಮೇಲೆ ಎಳೆದು, ತಾನು ಬಾಗಿಲ ಹಿಂದೆ ನಿಂತು, ಮೊದಲೇ ಮೊಬೈಲಿನಲ್ಲಿ ತುಂಬಿಟ್ಟಿದ್ದ “ಮಾವ, ಕೇಳ್ತಾ ಐತಾ” ಅನ್ನುವ ತನ್ನ ದನಿಯನ್ನು ಬಿಟ್ಟ.

“ಯಾಕಪ್ಪ ಕಿರುಚ್ತೀಯ, ಕೇಳ್ತೈತೆ” ಎಂದರು ಮಾವ. ಅವರ ಮುಖ ಅರಳಿತು. ಆ ಮುಖ ನೋಡಿದ ಮೇಲೆ ನಿಜ ಹೇಳಲು ಗಂಗಾಧರನಿಗೆ ದಾರಿಯೇ ಉಳಿಯಲಿಲ್ಲ. ಹಿಂದಿನಿಂದಲೂ ದಾರಿಯಿರಲಿಲ್ಲ ಅನ್ನುವುದು ಬೇರೆ ಮಾತು.

ಆಗ ಹೊಳೆದದ್ದು ಅವನ ಮಹಾ ಉಪಾಯ. ತಮ್ಮ ಅಟ್ಟದ ಒಳ್ಳೆಯ ಕಾಯಿಯೊಂದನ್ನು ಮೊಬೈಲಿನ ಮುಂದೆ ಅಲ್ಲಾಡಿಸಿ ಆ ಗಡಗಡವನ್ನು ತುಂಬಿಕೊಳ್ಳುವುದು. ಸಂಪಿಗೆಯಲ್ಲಿ ಮಾವ ಅಟ್ಟದಲ್ಲಿ ಕಾಯಿ ಅಲ್ಲಾಡಿಸುವಾಗ ಕೆಳಗೆ ನಿಂತು ಅದನ್ನು ಒತ್ತುವುದು. ಮಾವ “ಗಟ್ಟಿ ಮನೆ” ಅನ್ನುತ್ತಾರೆ, ಮಗಳಿಗೆ ಮದುವೆ ಆಗುತ್ತದೆ. ಮೊಬೈಲ್ ಪಂಡಿತನಿಗೆ ಸದ್ದು ತುಂಬಿಕೊಳ್ಳುವ ವಿದ್ಯೆ ಒಂದೇ ಗೊತ್ತಿತ್ತು, ವಾಯ್ಸ್ ಮೆಸೇಜ್ ಕಳಿಸುವುದು. ಕಾಯಿಯ ಗಡಗಡವನ್ನು ಹೆಂಡತಿ ಮೀನಾಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ. ನಾನು ಆಗಲೇ ಬೇಡ ಅನ್ನಬಹುದಿತ್ತು. ಆದರೆ ನೋಡುವ ಆಸೆ ಯಾರನ್ನು ಬಿಟ್ಟಿದೆ.

ಭಾನುವಾರ ಹೊರಟೆವು. ವ್ಯಾನಿನಲ್ಲಿ ತೋಂಟದಾರ್ಯಪ್ಪನವರು, ಗಂಗಾಧರ, ನಯನ, ನಾನು. ಗಂಡಿನ ಮನೆ ನೋಡಲು ಹೆಣ್ಣು ಹೋಗುವ ಪದ್ಧತಿಯಿಲ್ಲ, ಆದರೆ ತಾತನ ಕೈ ಹಿಡಿದು ಏಣಿ ಹತ್ತಿಸಲು ಒಬ್ಬರು ಬೇಕಲ್ಲ ಎಂದು ನಯನಳೇ ಪದ್ಧತಿಯನ್ನು ತಿದ್ದಿದ್ದಳು. ಮೀನಾ ಬರಲಿಲ್ಲ. ಹಸು ಅವತ್ತೋ ನಾಳೆಯೋ ಈಯುವಂತಿತ್ತು. “ಗಂಡಿನ ಮನೆ ಇನ್ನೊಂದ್ ದಿನಾನೂ ಅಲ್ಲೇ ಇರ್ತೈತೆ, ಕರು ಕಾಯಲ್ಲ” ಎಂದು ಉಳಿದುಕೊಂಡಳು.

ಶಿವಣ್ಣನವರ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಯಿತು. ಯತೀಶ ಕಂಬಕ್ಕೆ ಆತುಕೊಂಡು ನಿಂತಿದ್ದ. ಹಸುವಿನ ಮುಂದೆ ಅಷ್ಟು ಮಾತಾಡುವ ಹುಡುಗ ಮನುಷ್ಯರ ಮುಂದೆ ತುಟಿ ಬಿಚ್ಚಲಿಲ್ಲ. ಆಮೇಲೆ ತೋಂಟದಾರ್ಯಪ್ಪನವರು ಏಣಿ ಹತ್ತಿದರು. ಗಂಗಾಧರ ಏಣಿಯ ಬುಡದಲ್ಲಿ ನಿಂತಿದ್ದ. ಅಂಗಿಯ ಜೇಬಿನಲ್ಲಿ ತಲೆಕೆಳಗಾಗಿ ಇಟ್ಟ ಮೊಬೈಲು, ಅದರ ಬುಡದಲ್ಲಿ ಆ ಹುಣಸೆಬೀಜ, ಅದರಲ್ಲಿ ಮಿಣಮಿಣ ಹಸಿರು ದೀಪ. ಮೇಲೆ ಮಾವ ಒಂದು ಕಾಯಿ ಎತ್ತಿ ಟವಲಿನ ಹತ್ತಿರ ಹಿಡಿದದ್ದು ಕಂಡಿತು. ಗಂಗಾಧರ ಮೊಬೈಲನ್ನು ಜೇಬಿನಿಂದ ತುಸು ಎಳೆದು ಒತ್ತಿ ಮತ್ತೆ ಒಳಗೆ ಬಿಟ್ಟ.

ಇಲ್ಲಿ ಒಂದು ಸಂಗತಿ ಹೇಳಬೇಕು. ಒಂದು ವಾಯ್ಸ್ ಮೆಸೇಜ್ ಮುಗಿದರೆ, ಅದರ ಕೆಳಗೆ ಬಂದು ಕೂತಿರುವ ಮುಂದಿನದು ತಾನಾಗಿಯೇ ಶುರುವಾಗುತ್ತದೆ. ನಾವು ಹೊರಟ ಮೇಲೆ ಮೀನಾ ಒಂದು ಕಳಿಸಿದ್ದಳು. ಗಂಗಾಧರ ಅದನ್ನು ನೋಡಿರಲಿಲ್ಲ. ಮೊಬೈಲಿನ ಸದ್ದೆಲ್ಲ ಮಾವನ ಕಿವಿಗೆ ಹೋಗುತ್ತಿದ್ದರಿಂದ ಈಗ ಅದು ಶುರುವಾದದ್ದೂ ಅವನಿಗೆ ಗೊತ್ತಾಗಲಿಲ್ಲ.

ತೋಂಟದಾರ್ಯಪ್ಪನವರು ಅಟ್ಟದ ಬಾಯಿಗೆ ಬಂದು ಕಾಲು ಇಳಿಬಿಟ್ಟು ಕೂತರು. ಕಾಯಿಯನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದರು.

“ಸಿದ್ದಮ್ಮ ಮಾತಾಡಿದ್ಲು” ಎಂದರು.

ಸಿದ್ದಮ್ಮ ಅವರ ಹೆಂಡತಿ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೀನಾಳದು ತದ್ರೂಪು ತಾಯಿಯ ದನಿ.

“ಎಲ್ಲಿ ಮಾತಾಡಿದ್ರು ಯಜಮಾನ್ರೆ?” ಎಂದರು ಶಿವಣ್ಣ. ಅವರಿಗೆ ಕೇಳಿಸಲಿಲ್ಲ. ಶಿವಣ್ಣ ಕೈಸನ್ನೆ ಮಾಡಿದರು.

“ಕಾಯಿ ಒಳಗೆ. ಮೊದ್ಲು ಗಡಗಡ ಅಂತು, ಗಟ್ಟಿಯಾಗೇ ಅಂತು. ಆಮೇಲೆ ಅವಳು ಮಾತಾಡಿದ್ಲು. ಮನೇಲಿ ಸಾಸಿವೆ ಒಂದ್ ಕಾಳೂ ಇಲ್ಲ ಅಂದ್ಲು.”

ಅಡುಗೆಮನೆಯ ಬಾಗಿಲಲ್ಲಿ ಲೋಟಗಳು ಬಿದ್ದವು. ಶಿವಣ್ಣನವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

“ನಿಜ ಕಣ್ರೀ” ಎಂದರು ಗಂಡನಿಗೆ. “ನೆನ್ನೇನೇ ಮುಗೀತು. ಬರೀ ಜೀರಿಗೆ ಹಾಕಿ ಉಪ್ಪಿಟ್ಟು ಮಾಡ್ದೆ. ಯಾರ್ಗೂ ಹೇಳಿರ್ಲಿಲ್ಲ. ಅಟ್ಟದ ಕಾಯಿಗೆ ಹೆಂಗೆ ಗೊತ್ತಾಯ್ತು?”

“ಅದಕ್ಕೇ ನಂಗೆ ಉಪ್ಪಿಟ್ಟು ಒಂಥರಾ ಅನ್ನಿಸ್ತು” ಎಂದರು ಶಿವಣ್ಣ, ಎರಡು ಸಲ ಹಾಕಿಸಿಕೊಂಡು ತಿಂದವರು.

ಗಂಗಾಧರ ಮೆಲ್ಲಗೆ ಮೊಬೈಲು ತೆಗೆದು ನೋಡಿದ. ಗಡಗಡದ ಕೆಳಗೆ ಮೀನಾಳ ಮೆಸೇಜು ಕೂತಿತ್ತು. ಅವನ ಮುಖದಲ್ಲಿದ್ದ ರಕ್ತ ಯಾವ ಕಡೆ ಹೋಯಿತೋ ಕಾಣೆ. “ಮಾವ, ಅದು ಏನಂದ್ರೆ” ಎಂದು ಜೋರಾಗಿಯೇ ಶುರುಮಾಡಿದ. ಮಾವ ಅವನನ್ನು ನೋಡಿದರು. ಕಣ್ಣು ತುಂಬಿದ್ದವು.

“ನಾಲ್ಕು ವರ್ಷ ಆಗಿತ್ತು ಕಣಪ್ಪ, ಅವಳ ದನಿ ಕೇಳಿ” ಎಂದರು.

ಗಂಗಾಧರ ಬಾಯಿ ಮುಚ್ಚಿದ. ನಾನು ಅವನನ್ನು ಹತ್ತು ವರ್ಷದಿಂದ ಆಡಿಕೊಂಡು ಬಂದವನು, ಆದರೆ ಆ ಗಳಿಗೆಯಲ್ಲಿ ಅವನ ಜಾಗದಲ್ಲಿ ನಾನಿದ್ದರೂ ಮುಚ್ಚುತ್ತಿದ್ದೆ.

“ಇನ್ನೂ ಒಂದ್ ಮಾತು ಅಂದ್ಲು” ಎಂದರು ಮಾವ. “ಸಾಸಿವೆ ತರ್ದಲೆ ಹೊಸ್ಲು ದಾಟ್ಬೇಡಿ ಅಂದ್ಲು.”

ಇಷ್ಟು ಹೊತ್ತಿಗೆ ಸುದ್ದಿ ಬೀದಿಗೆ ಹೋಗಿತ್ತು. ಹೇಗೆ ಹೋಯಿತು ಅಂತ ಕೇಳಬೇಡಿ. ಪಂಚಾಯ್ತಿ ಮೆಂಬರು ಸಣ್ಣತಿಮ್ಮಯ್ಯ ಎಲ್ಲರಿಗಿಂತ ಮೊದಲು ಓಡಿಬಂದ. ಸಾಸಿವೆ ತರಲು ಹೊರಟಿದ್ದ ಯತೀಶನನ್ನು ತಡೆದು, ಬಾಗಿಲಲ್ಲೇ ನಿಂತು, ವಿಷಯವನ್ನು ಕೂಲಂಕಷವಾಗಿ ವಿಚಾರಿಸಿ, ತೀರ್ಮಾನ ಕೊಟ್ಟ.

“ಹೊಸ್ಲು ದಾಟ್ಬೇಡಿ ಅಂದ್ರೆ ಎರಡೂ ಕಡೀಗೂ ಅನ್ವಯ ಆಗ್ತೈತೆ. ಒಳಗಿರೋರು ಹೊರಕ್ಕೆ ಹೋಗಂಗಿಲ್ಲ. ಹೊರಗಿರೋರು ಒಳೀಕೆ ಬರಂಗಿಲ್ಲ. ಸಾಸಿವೆ ಬರೋಗಂಟ ಯಾರೂ ಕದಲ್ಬೇಡಿ.”

ಈ ತೀರ್ಮಾನ ಕೊಡುವಾಗ ಅವನ ಒಂದು ಕಾಲು ಹೊಸ್ತಿಲಿನ ಒಳಗಿತ್ತು, ಇನ್ನೊಂದು ಹೊರಗಿತ್ತು. ತನ್ನ ಮಾತಿಗೆ ತಾನೇ ತಪ್ಪಿದರೆ ಮೆಂಬರುಗಿರಿಗೆ ಬೆಲೆಯೇನು ಎಂದು ಹಾಗೆಯೇ ನಿಂತ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಒಂದು ಸ್ಟೂಲು ತಂದು ಅವನಿಗೆ ಕೊಟ್ಟರು. ಅದನ್ನೂ ಹೊಸ್ತಿಲಿನ ಮೇಲೆಯೇ ಇಡಬೇಕಾಗಿದ್ದರಿಂದ ಅದು ಅಲ್ಲಾಡುತ್ತಿತ್ತು.

ಸಾಸಿವೆ ಬಂದದ್ದು ಕಿಟಕಿಯಿಂದ. ಹಿಂದಿನ ಬೀದಿಯ ಮುದ್ದಕ್ಕ, ಕುರಿ ಮೇಕೆ ಸಾಕಿಕೊಂಡಿರುವ ಅಜ್ಜಿ, ಕಾಗದದ ಪೊಟ್ಟಣವನ್ನು ಸರಳಿನ ನಡುವೆ ತೂರಿಸಿದಳು. ತೂರಿಸಿ ಕೈ ಬಿಡಲಿಲ್ಲ.

“ಮೊದ್ಲು ನನ್ನ ಮೇಕೆ ಎಲ್ಲೈತೆ ಕೇಳಿ. ಬುಧವಾರದಿಂದ ಕಾಣ್ತಿಲ್ಲ. ಕಿವಿ ಬೆಳ್ಳಗೈತೆ.”

“ಅಜ್ಜಿ, ಮೇಕೆ ಆಮೇಕೆ. ಮುಂದಿನ ಎಲೆಕ್ಷನ್ನಿಗೆ ನಮ್ಮ ವಾರ್ಡು ಲೇಡೀಸ್ಗೆ ಹೋಗ್ತೈತಾ ಅಂತ ಒಂದ್ ಮಾತು ಕೇಳ್ರಿ ಯಜಮಾನ್ರೆ” ಎಂದ ಸಣ್ಣತಿಮ್ಮಯ್ಯ ಸ್ಟೂಲಿನ ಮೇಲಿಂದ.

ತೋಂಟದಾರ್ಯಪ್ಪನವರಿಗೆ ಇದೊಂದೂ ಕೇಳಿಸಲಿಲ್ಲ. ಅವರು ಕಾಯಿಯನ್ನೇ ನೋಡುತ್ತ ಕೂತಿದ್ದರು. ಶಿವಣ್ಣ ಏಣಿಯ ಎರಡು ಮೆಟ್ಟಿಲು ಹತ್ತಿ ಅವರ ಟವಲಿನ ಹತ್ತಿರ ಬಾಯಿಟ್ಟು ಕೂಗಿದರು. “ಯಜಮಾನ್ರೆ, ಸಂಬಂಧದ್ ಬಗ್ಗೆ ಏನೂ ಅನ್ಲಿಲ್ವಾ ಅಮ್ನೋರು?”

“ಇನ್ನೂ ಅಂದಿಲ್ಲ. ಅವಳನ್ನೇ ಕೇಳ್ತೀನಿ. ಅ‌ವಳು ಬೇಡ ಅಂದ್ರೆ ಬೇಡ. ಬದುಕಿದ್ದಾಗ ಅವಳ ಮಾತು ಕೇಳಿದ್ದು ಕಮ್ಮಿ.”

ನಯನ ಏಣಿ ಹಿಡಿದುಕೊಂಡು ನಿಂತಿದ್ದಳು. ಬಾಗಿಲಿಂದ ಮರಳಿದ ಯತೀಶ ಈ ಸಲ ಕಂಬ ಬಿಟ್ಟು ಗೋಡೆಗೆ ಆತುಕೊಂಡ. ಗಂಗಾಧರ ಮೂಲೆಗೆ ತಿರುಗಿ ಹೆಂಡತಿಗೆ ಬರೆದ. ‘ಹುಡ್ಗ ಒಳ್ಳೇವ್ನು ಒಪ್ಕೊಳ್ಳಿ ಅಂತ ಒಂದ್ ವಾಯ್ಸ್ ಮೆಸೇಜ್ ಕಳ್ಸು. ಬೇಗ. ಕಾರಣ ಕೇಳ್ಬೇಡ.’

ಕಾರಣ ಕೇಳಬೇಡ ಎಂದು ಮೀನಾಗೆ ಹೇಳುವುದೂ, ಎಮ್ಮೆಗೆ ನೀರಿಗಿಳಿಯಬೇಡ ಎಂದು ಹೇಳುವುದೂ ಒಂದೇ. ಆದರೆ ಗಂಗಾಧರ ಬೇರೇನು ಮಾಡುತ್ತಾನೆ ಪಾಪ.

ಮೆಸೇಜು ಬಂತು. ಮೇಲೆ ಮಾವ ಕಣ್ಣು ಮುಚ್ಚಿ “ಹೇಳು ಸಿದ್ದಮ್ಮ, ಈ ಮನೆಗೆ ಮಗು ಕೊಡ್ಲಾ” ಎಂದು ಕಾಯಿಯನ್ನು ಅಲ್ಲಾಡಿಸಿದರು. ಕೆಳಗೆ ಗಂಗಾಧರ, ಅದರಲ್ಲಿ ಏನಿದೆಯೆಂದು ಕೇಳಿಸಿಕೊಳ್ಳುವ ದಾರಿಯಿಲ್ಲದೆ, ದೇವರ ಮೇಲೆ ಭಾರ ಹಾಕಿ ಒತ್ತಿ ಜೇಬಿಗೆ ಬಿಟ್ಟ. ಅದರಲ್ಲಿ ಇದ್ದದ್ದನ್ನು ವಾಪಸ್ಸು ಬರುವಾಗ ವ್ಯಾನಿನಲ್ಲಿ ನಾವೆಲ್ಲ ಕೇಳಿದೆವು. ಹೀಗಿತ್ತು:

“ಅಲ್ರೀ, ಒಪ್ಕೊಳ್ಳಿ ಅಂತ ನಾನ್ಯಾಕೆ ಹೇಳ್ಲಿ? ಸಂಸಾರ ಮಾಡೋಳು ನಯನ. ಅವಳನ್ನ ಒಬ್ರಾದ್ರೂ ಒಂದ್ ಮಾತು ಕೇಳಿದೀರಾ? ಕಾಯಿ ಕೇಳಕ್ಕೆ ಅಲ್ಲೀಗಂಟ ಹೋಗವ್ರೆ. ಅದೂ ನಮ್ಮಪ್ಪಂಗೆ ಕಿವಿ ಹೋಗಿ ಎರಡು ವರ್ಷ ಆಯ್ತು. ಸುತ್ತಲ ಊರಿಗೆಲ್ಲ ಗೊತ್ತು. ಅಪ್ಪ ನೊಂದ್ಕೊತಾರೆ ಅಂತ ಒಬ್ರೂ ಬಾಯಿ ಬಿಟ್ಟಿಲ್ಲ. ನೀವೂ ಬಿಡ್ಬೇಡಿ. ಅಂದಂಗೆ ಹಸ ಈಯ್ತು. ಹೆಣ್ಗರು.”

ತೋಂಟದಾರ್ಯಪ್ಪನವರು ಕಣ್ಣು ತೆರೆದರು. ಕಾಯಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಬಗ್ಗಿಸಿ, ಅಳಿಯನ ಅಂಗಿಯ ಜೇಬಿನಲ್ಲಿ ಮಿಣಮಿಣ ಅನ್ನುತ್ತಿದ್ದ ಹಸಿರು ದೀಪವನ್ನು ನೋಡಿದರು. ಅವರು ಅಷ್ಟು ಮುದುಕರೆಂದು ನನಗೆ ಅನ್ನಿಸಿದ್ದು ಅವತ್ತೇ ಮೊದಲು.

“ಏನಂದ್ರು?” ಎಂದು ಇಡೀ ಮನೆ ಕೇಳಿತು.

“ಹಸ ಈದೈತಂತೆ. ಹೆಣ್ಗರು” ಎಂದರು ತೋಂಟದಾರ್ಯಪ್ಪನವರು.

ಬೀದಿಯಲ್ಲಿ ಗುಜುಗುಜು ಎದ್ದಿತು. ಮುದ್ದಕ್ಕ ಕಿಟಕಿಯಿಂದಲೇ ಕೈ ಮುಗಿದಳು. ಗಂಗಾಧರ ಮಾತ್ರ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಮಾವನಿಗೆ ಎಲ್ಲ ಗೊತ್ತಾಗಿಹೋಯಿತು ಎಂಬುದು ಆ ಮನೆಯಲ್ಲಿ ಗೊತ್ತಾದದ್ದು ಅವನಿಗೆ ಮತ್ತು ನನಗೆ.

ಮೊಮ್ಮಗಳ ಕೈ ಹಿಡಿದು ಅವರು ಒಂದೊಂದೇ ಮೆಟ್ಟಿಲು ಇಳಿದರು. ಟವಲನ್ನು ಸರಿಮಾಡಿಕೊಳ್ಳುವವರಂತೆ ಕೈ ಹಾಕಿ, ಕಿವಿಯಲ್ಲಿದ್ದ ಗುಂಡನ್ನು ತೆಗೆದು ಅಳಿಯನ ಅಂಗೈಗೆ ಇಟ್ಟು ಮುಚ್ಚಿದರು. ಬೈಯಲಿಲ್ಲ.

“ಇನ್ಮೇಲೆ ಅವಳು ಮಾತಾಡಲ್ಲ” ಎಂದರು ಎಲ್ಲರಿಗೂ. “ಮೇಕೆನಾ ನೀವೇ ಹುಡಿಕ್ಕೊಳ್ಳಿ.”

ಆಮೇಲೆ ನಯನಳ ಕಡೆ ತಿರುಗಿದರು. “ನಿನ್ನ ಕೇಳೋದೇ ಮರ್ತಿದ್ದೆ ಕಣವ್ವ. ಈ ಹುಡ್ಗ ನಿಂಗೆ ಇಷ್ಟಾನಾ?”

ನಯನ ತಲೆ ತಗ್ಗಿಸಿದಳು. ಗಂಡಿನ ಮನೆಯ ನಡುಮನೆಯಲ್ಲಿ, ಗಂಡಿನ ತಂದೆತಾಯಿ ಎದುರಿಗೆ, ಕಿಟಕಿ ತುಂಬ ಊರ ಜನ. ತುಟಿ ಅಲ್ಲಾಡಿತು.

“ಕೇಳ್ಸಲ್ಲ ಕಣವ್ವ” ಎಂದರು ತಾತ. ಒಂದು ಉಸಿರು ಎಳೆದುಕೊಂಡರು. “ನಂಗೆ ಕಿವಿ ಕೇಳ್ಸಲ್ಲ. ಎರಡು ವರ್ಷ ಆಯ್ತು. ಜೋರಾಗಿ ಹೇಳು.”

ಯಾರೂ ಅಚ್ಚರಿಪಡಲಿಲ್ಲ. ಅದನ್ನು ಅವರು ಒಬ್ಬೊಬ್ಬರ ಮುಖದ ಮೇಲೂ ನೋಡಿಕೊಂಡರು. ನಯನಳ ಕಣ್ಣಲ್ಲಿ ಬಳಬಳ ನೀರು ಇಳಿಯಿತು.

“ಇಷ್ಟ ಕಣ್ ತಾತ” ಎಂದಳು, ಈ ಸಲ ನಡುಮನೆಗೆಲ್ಲ ಕೇಳುವಂತೆ.

ತಾತ ಕಿವಿಗೆ ಕೈ ಅಡ್ಡ ಇಟ್ಟರು. “ಇನ್ನೂ ಜೋರಾಗಿ.”

“ಇಷ್ಟ ತಾತ. ಅವ್ರನ್ನ ಬಿಟ್ಟು ಯಾರ್ನೂ ಆಗಲ್ಲ.” ಈ ಸಲದ್ದು ಬೀದಿಯ ಕೊನೆಗೂ ಮುಟ್ಟಿರಬೇಕು. ಹೊಸ್ತಿಲಿನ ಸ್ಟೂಲು ಮಗುಚಿ ಸಣ್ಣತಿಮ್ಮಯ್ಯ ಹೊರಗಡೆಗೆ ಬಿದ್ದ.

“ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟ್ರೀಗಂಟ ಕೇಳ್ಸಿರ್ತೈತೆ ಬುಡವ್ವ” ಎಂದರು ಶಿವಣ್ಣ. ಅವರ ಹೆಂಡತಿ ಆಗಲೇ ಕುಂಕುಮದ ಬಟ್ಟಲು ತರಲು ಒಳಗೆ ಓಡಿದ್ದರು.

ತಾತ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದರು. “ಅರ್ಧ ಕೇಳಿಸ್ತು. ಆಗಲ್ಲ ಅಂದಂಗಾಯ್ತು. ಆಗ್ತೀನಿ ಅಂದ್ಲಾ, ಆಗಲ್ಲ ಅಂದ್ಲಾ?”

ಆಗ, ಬೆಳಗಿನಿಂದ ಒಂದು ಮಾತೂ ಆಡದ ಯತೀಶ ಗೋಡೆ ಬಿಟ್ಟು ಮೂರು ಹೆಜ್ಜೆ ಮುಂದೆ ಬಂದು, ತಾತನ ಕಿವಿಯ ಪಕ್ಕಕ್ಕೆ ಬಗ್ಗಿ, ಕತ್ತಿನ ನರ ಉಬ್ಬುವಂತೆ ಕೂಗಿದ. “ಆಗ್ತಾಳಂತೆ ತಾತ. ಆಗ್ತಾಳಂತೆ.”

ತೋಂಟದಾರ್ಯಪ್ಪನವರು ಒಂದು ಹೆಜ್ಜೆ ಹಿಂದಕ್ಕೆ ಸರಿದು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಯಾಕಪ್ಪ ಹಂಗೆ ಕಿರುಚ್ಕೊತೀಯ” ಎಂದರು. “ನಾನೇನ್ ಕಿವುಡನಾ?”